ಒಬ್ಬರಿಗಷ್ಟೇ ಗೊತ್ತಿದ್ದ ಸಂಗತಿ

ನಾಲ್ಕು ಜನ ಕೂತು ಮಾತಾಡಿದರೆ ಒಬ್ಬೊಬ್ಬರಿಗೆ ಗೊತ್ತಿರುವುದೆಲ್ಲ ಹೊರಗೆ ಬರುತ್ತದೆ ಎಂಬ ನಂಬಿಕೆಯಿಂದಲೇ ನಾವು ಸಭೆ ಕರೆಯುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು.

ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿಗೆ ಮೂವರು ಕಾಲ್ಪನಿಕ ಅಭ್ಯರ್ಥಿಗಳು. ಆರಿಸಬೇಕಾದವರು ನಾಲ್ಕು ನಾಲ್ಕು ಜನರ ಗುಂಪುಗಳು. ವಿವರಗಳನ್ನೆಲ್ಲ ಒಟ್ಟಿಗೆ ಓದಿದರೆ ಒಬ್ಬ ಅಭ್ಯರ್ಥಿ ಉಳಿದಿಬ್ಬರಿಗಿಂತ ಯೋಗ್ಯ. ಎಲ್ಲರಿಗೂ ಎಲ್ಲ ವಿವರ ಕೊಟ್ಟಾಗ 83% ಗುಂಪುಗಳು ಅವನನ್ನೇ ಆರಿಸಿದವು. ಬೇರೆ ಗುಂಪುಗಳಲ್ಲಿ ಅವನ ಒಳ್ಳೆಯ ಗುಣಗಳನ್ನು ನಾಲ್ವರ ನಡುವೆ ಚದುರಿಸಿ, ಒಬ್ಬೊಬ್ಬರ ಹಾಳೆಯಲ್ಲಿ ಕೆಲವಷ್ಟೇ ಇರುವಂತೆ ಮಾಡಿದ್ದರು. ನಾಲ್ವರೂ ತಮ್ಮಲ್ಲಿದ್ದುದನ್ನು ಹೇಳಿಕೊಂಡಿದ್ದರೆ ಪೂರ್ತಿ ಚಿತ್ರ ಸಿಗುತ್ತಿತ್ತು. ಆದರೆ ಅವನನ್ನು ಆರಿಸಿದ್ದು ಕಾಲುಭಾಗಕ್ಕಿಂತಲೂ ಕಡಿಮೆ ಗುಂಪುಗಳು. ಚರ್ಚೆ ನಡೆದಿತ್ತು, ಆದರೆ ಎಲ್ಲರಿಗೂ ಮೊದಲೇ ತಿಳಿದಿದ್ದ ವಿಷಯಗಳೇ ಅದರಲ್ಲಿ ಸುತ್ತು ಹೊಡೆದಿದ್ದವು.

ಇದಕ್ಕೆ ಸಂಕೋಚವೋ ಸ್ವಾರ್ಥವೋ ಕಾರಣವಾಗಬೇಕಿಲ್ಲ, ಬರೀ ಲೆಕ್ಕವೇ ಸಾಕು. ಒಂದು ಸಂಗತಿ ಒಬ್ಬರಿಗೆ ನೆನಪಾಗಿ ಅವರು ಅದನ್ನು ಹೇಳುವ ಸಾಧ್ಯತೆ 30% ಎಂದುಕೊಳ್ಳಿ. ಅದು ಒಬ್ಬರಿಗಷ್ಟೇ ಗೊತ್ತಿದ್ದರೆ ಸಭೆಯ ಕಿವಿಗೆ ಬೀಳುವ ಸಾಧ್ಯತೆಯೂ ಅಷ್ಟೇ. ನಾಲ್ವರಿಗೂ ಗೊತ್ತಿದ್ದರೆ ಯಾರಾದರೊಬ್ಬರು ಹೇಳುವ ಸಾಧ್ಯತೆ 76%. ಸಾಲದ್ದಕ್ಕೆ, ಎಲ್ಲರಿಗೂ ಗೊತ್ತಿರುವುದನ್ನು ಹೇಳುವವರೇ ಹೆಚ್ಚು ಸಮರ್ಥರೆಂದು ಕೇಳುವವರಿಗೆ ತೋರುತ್ತದೆ. ಗ್ವೆನ್ ವಿಟನ್‌ಬಾಮ್ ಮತ್ತು ಸಂಗಡಿಗರು 1999ರಲ್ಲಿ ಕಂಡುಕೊಂಡದ್ದು ಇದು. ಹೊಸದನ್ನು ಹೇಳಿದವರಿಗೆ ಆ ಮೆಚ್ಚುಗೆಯೂ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ವೈದ್ಯರ ಮೇಲೆ ನಡೆದ ಅಧ್ಯಯನ. ಜೇಮ್ಸ್ ಲಾರ್ಸನ್ ಮತ್ತು ಸಂಗಡಿಗರು ರೆಸಿಡೆಂಟ್, ಇಂಟರ್ನ್ ಮತ್ತು ವೈದ್ಯಕೀಯ ವಿದ್ಯಾರ್ಥಿ ಇದ್ದ ತಂಡಗಳಿಗೆ ರೋಗಿಗಳ ಸಂದರ್ಶನದ ವಿಡಿಯೊ ತೋರಿಸಿದರು. ಮೂವರೂ ನೋಡಿದ ಆವೃತ್ತಿಗಳು ಸ್ವಲ್ಪ ಸ್ವಲ್ಪ ಬೇರೆ. ಅಲ್ಲೂ ಮೂವರಿಗೂ ಗೊತ್ತಿದ್ದ ಲಕ್ಷಣಗಳೇ ಮೊದಲು ಬಂದವು, ಹೆಚ್ಚು ಸಲ ಬಂದವು. ಒಬ್ಬರೇ ಕೇಳಿಸಿಕೊಂಡಿದ್ದ ಲಕ್ಷಣಗಳು ತಡವಾಗಿ ಬಂದವು, ಕೆಲವು ಬರಲೇ ಇಲ್ಲ. ನಿಜವಾದ ವಾರ್ಡಿನಲ್ಲಿ ಆ ಬಿಟ್ಟುಹೋದ ಲಕ್ಷಣವೇ ರೋಗದ ಸುಳಿವಾಗಿರಬಹುದು.

ಇಂಥ ಸಂಗತಿಗಳು ಹೊರಗೆ ಬರಬೇಕಾದರೆ, ಸಭೆ ಶುರುವಾಗುತ್ತಲೇ ಒಬ್ಬೊಬ್ಬರ ಒಲವು ಕೇಳುವ ರೂಢಿಯನ್ನು ಬಿಡಲೇಬೇಕು ಎನ್ನುತ್ತೇನೆ. ಉಳಿದವರ ಆಯ್ಕೆ ಏನೆಂದು ಮೊದಲೇ ತಿಳಿದವರು ಆಮೇಲೆ ಬರುವ ಮಾಹಿತಿಗೆ ಅಷ್ಟಾಗಿ ಗಮನ ಕೊಡುವುದಿಲ್ಲವೆಂದು ಆಂಡ್ರಿಯಾಸ್ ಮೊಜಿಶ್ ಮತ್ತು ಸ್ಟೆಫಾನ್ ಶುಲ್ಟ್ಸ್-ಹಾರ್ಟ್ 2010ರಲ್ಲಿ ತೋರಿಸಿದ್ದಾರೆ. ಮೊದಲು ಸಂಗತಿಗಳು, ತೀರ್ಪು ಆಮೇಲೆ. ಭಿನ್ನಾಭಿಪ್ರಾಯವನ್ನು ಅಡ್ಡಿ ಎಂದು ಕಾಣುವುದೂ ತಪ್ಪು. ಶುಲ್ಟ್ಸ್-ಹಾರ್ಟ್ ತಂಡದ 2006ರ ಪ್ರಯೋಗದಲ್ಲಿ, ಆರಂಭದಲ್ಲೇ ಒಮ್ಮತವಿದ್ದ ಗುಂಪುಗಳಿಗಿಂತ ಭಿನ್ನಮತವಿದ್ದ ಗುಂಪುಗಳೇ ಸರಿಯಾದ ಆಯ್ಕೆಗೆ ಹೆಚ್ಚು ಸಲ ತಲುಪಿದವು. ಗುಂಪಿನಲ್ಲಿ ಒಬ್ಬರೂ ಮೊದಲಿಗೆ ಸರಿಯಾದ ಆಯ್ಕೆಯ ಪರವಾಗಿಲ್ಲದಿದ್ದಾಗಲೂ ಭಿನ್ನಮತದಿಂದ ಲಾಭವೇ ಆಯಿತು.