ಹಲ್ಲಿನ ನೋವು, ಕುರ್ಚಿಯ ಭಯ

ನಮ್ಮ ಸೋದರತ್ತೆಯವರು ಎಪ್ಪತ್ತರ ಅಂಚಿನಲ್ಲಿರುವವರು. ಕಾಸರಗೋಡು ಸೀಮೆಯ ಅಡಿಕೆ ತೋಟದ ನಡುವಣ ಮನೆಯಲ್ಲಿ ಐದು ದಶಕಗಳ ಸಂಸಾರ ನಡೆಸಿದವರು. ತೋಟದ ದಾರಿಯಲ್ಲಿ ಹಾವು ಅಡ್ಡ ಬಂದರೂ ಅಂಜದ ಗಟ್ಟಿ ಜೀವ. ಆದರೆ ದಂತವೈದ್ಯರ ಹೆಸರೆತ್ತಿದರೆ ಸಾಕು, ಅವರ ಅಂಗೈ ಬೆವರುತ್ತಿತ್ತು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಇಬ್ಬರು ಅವರ ತೋಳುಗಳನ್ನು ಅದುಮಿ ಹಿಡಿದು, ಮೂರನೆಯವನೊಬ್ಬ ಯಾವ ಮದ್ದೂ ಇಲ್ಲದೆ ಹಲ್ಲು ಕಿತ್ತಿದ್ದನಂತೆ. ಹಲ್ಲು ಹೋಯಿತು, ಭಯ ಮಾತ್ರ ಉಳಿಯಿತು.

ಕೆಳದವಡೆಯ ಹಲ್ಲೊಂದು ಹುಳುಕಾದಾಗ ಅವರು ಎರಡು ವರ್ಷ ಲವಂಗದೆಣ್ಣೆಯ ಹತ್ತಿ, ಉಪ್ಪುನೀರಿನ ಮುಕ್ಕಳಿಕೆಗಳಲ್ಲೇ ದಿನ ದೂಡಿದರು. ಕೊನೆಗೊಂದು ರಾತ್ರಿ ಕೆನ್ನೆ ಊದಿಕೊಂಡು ಗಂಜಿ ನುಂಗುವುದೂ ಕಷ್ಟವಾಯಿತು. ಮರುದಿನ ಬೆಳಗ್ಗೆ ಪೇಟೆಯ ದಂತವೈದ್ಯೆಯ ಬಳಿಗೆ ಅವರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಇಂಥ ಅತ್ತೆಯೋ ಮಾವನೋ ಇಲ್ಲದ ಮನೆ ಅಪರೂಪ. ಆದುದರಿಂದ ಆ ದಿನ ಕಂಡದ್ದನ್ನೂ ಅನಂತರ ತಿಳಿದುಕೊಂಡದ್ದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಭಯವೇ ನೋವನ್ನು ಬೆಳೆಸುವ ಬಗೆ

ಹಲ್ಲಿನ ವೈದ್ಯರಿಗೆ ಹೆದರುವುದು ಹೇಡಿತನವೆಂದು ನಗುವವರುಂಟು. ವೈದ್ಯಶಾಸ್ತ್ರ ಹಾಗೆ ನಗುವುದಿಲ್ಲ. 1969ರಲ್ಲಿ ನಾರ್ಮನ್ ಕೋರಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಭಯವನ್ನು ಅಳೆಯಲು ನಾಲ್ಕು ಪ್ರಶ್ನೆಗಳ ಅಳತೆಗೋಲೊಂದನ್ನು ಸಿದ್ಧಪಡಿಸಿದರು. ನಾಳೆ ದಂತವೈದ್ಯರಲ್ಲಿಗೆ ಹೋಗಬೇಕೆಂದರೆ ಮನಸ್ಸಿಗೆ ಹೇಗೆನಿಸುತ್ತದೆ, ಹೊರಗೆ ಸರದಿ ಕಾಯುವಾಗ ಹೇಗೆನಿಸುತ್ತದೆ ಎಂಬಂಥ ಪ್ರಶ್ನೆಗಳು. ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 13 ದಾಟಿದರೆ ಭಯ ಸಾಮಾನ್ಯವಾದುದಲ್ಲವೆಂದು ಅರ್ಥ. ಅಳತೆಗೋಲು ಹುಟ್ಟಿದೆಯೆಂದ ಮೇಲೆ ಬಾಧೆಯೂ ನಿಜವೇ ಆಗಿರಬೇಕಷ್ಟೆ.

ಈ ಭಯದ ದೊಡ್ಡ ಕೇಡೆಂದರೆ ತಡಮಾಡಿಸುವುದು. ಹುಳುಕು ಹಲ್ಲಿನ ಮೇಲ್ಪದರದಲ್ಲಿದ್ದಾಗ ಸ್ವಚ್ಛಗೊಳಿಸಿ ತುಂಬುವುದು ಅಲ್ಪ ಹೊತ್ತಿನ ಕೆಲಸ. ಎಷ್ಟೋ ಸಲ ಸೂಜಿಯೂ ಬೇಡ. ಹಲ್ಲಿನೊಳಗಿನ ನರದವರೆಗೆ ಇಳಿದರೆ ಬೇರಿನ ನಾಳಗಳನ್ನು ಶುಚಿಮಾಡಿ ಮುಚ್ಚುವ ರೂಟ್ ಕೆನಾಲ್ ಚಿಕಿತ್ಸೆ ಬೇಕಾಗುತ್ತದೆ. ಅದನ್ನೂ ಮೀರಿದರೆ ಕೀವು, ಬಾವು, ಕೀಳುವಿಕೆ. ಇಲ್ಲಿ ಮತ್ತೊಂದು ಕಷ್ಟವಿದೆ. ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ ಮರಗಟ್ಟಿಸುವ ಮದ್ದು ನರದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ನೋವಿಗೆ ಹೆದರಿ ತಡಮಾಡಿದವರಿಗೇ ಹೆಚ್ಚು ನೋವಾಗುವುದು ಈ ಕಾರಣದಿಂದ. ‘ನೋಡಿ, ನಾನು ಹೇಳಿರಲಿಲ್ಲವೇ’ ಎಂದು ಅವರ ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಬಾವಿನ ಜೊತೆಗೆ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ನಾವು ಅತ್ತೆಯವರನ್ನು ಆ ರಾತ್ರಿಯೇ ಕರೆದೊಯ್ಯದಿದ್ದುದು ತಪ್ಪೆಂದು ವೈದ್ಯೆ ನಮಗೆ ತಿಳಿಹೇಳಿದರು.

ಮರಗಟ್ಟಿಸುವ ಮದ್ದಿನ ಕಥೆ

ನೋವಿಲ್ಲದ ಶಸ್ತ್ರಚಿಕಿತ್ಸೆಯ ದಾರಿಯನ್ನು ತೆರೆದವರಲ್ಲಿ ದಂತವೈದ್ಯರೂ ಇದ್ದರೆಂಬುದು ಅನೇಕರಿಗೆ ತಿಳಿಯದು. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ದಂತವೈದ್ಯ ಹೊರೇಸ್ ವೆಲ್ಸ್ ಒಂದು ಪ್ರದರ್ಶನಕ್ಕೆ ಹೋಗಿದ್ದಾಗ, ನಗೆಅನಿಲವನ್ನು ಸೇದಿದ ಒಬ್ಬಾತ ಕಾಲಿಗೆ ಗಾಯವಾದರೂ ಅರಿಯದೆ ಇದ್ದುದನ್ನು ಕಂಡರು. ಮರುದಿನವೇ, 1844ರ ಡಿಸೆಂಬರ್ 11ರಂದು, ತಾವೇ ಆ ಅನಿಲವನ್ನು ಸೇದಿ ತಮ್ಮ ಹಲ್ಲನ್ನು ಕೀಳಿಸಿಕೊಂಡರು. ಇಂದು ಬಹುಪಾಲು ದಂತವೈದ್ಯರು ಬಳಸುವ ಲಿಗ್ನೊಕೇನ್ ಮದ್ದು 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾಗಿ, 1948ರಿಂದ ಬಳಕೆಗೆ ಬಂತು. ಅತ್ತೆಯವರ ಬಾಲ್ಯದಲ್ಲಿ ಲೋಕದಲ್ಲಿ ಆ ಮದ್ದಿತ್ತು. ಅವರ ಹಳ್ಳಿಗೆ ಮುಟ್ಟಿರಲಿಲ್ಲ, ಅಷ್ಟೆ.

ಸೂಜಿಗೇ ಹೆದರುವವರಿಗೆ ಮೊದಲು ವಸಡಿಗೆ ಮರಗಟ್ಟಿಸುವ ಲೇಪವನ್ನು ಹಚ್ಚಿ ಒಂದೆರಡು ನಿಮಿಷ ಬಿಡುತ್ತಾರೆ. ಆಮೇಲೆ ಮದ್ದನ್ನು ನಿಧಾನವಾಗಿ ಒಳಸೇರಿಸಿದರೆ ಚುಚ್ಚಿದ ಅನುಭವ ಅಲ್ಪ. ಈ ಮದ್ದಿನೊಡನೆ ಅಡ್ರಿನಲಿನ್ ಬೆರೆತಿದ್ದರೆ ಕೆಲವರಿಗೆ ಎದೆ ಡವಡವ ಎನ್ನುತ್ತದೆ. ಅದು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಣಿಯುತ್ತದೆ. ಮೊದಲೇ ತಿಳಿದಿದ್ದರೆ ಗಾಬರಿಯಾಗದು. ತುಟಿ ಎರಡು ಮೂರು ಗಂಟೆ ಮರಗಟ್ಟಿರುವುದರಿಂದ ಅಷ್ಟು ಹೊತ್ತು ಅಗಿಯುವುದನ್ನೂ ಬಿಸಿ ಕುಡಿಯುವುದನ್ನೂ ಬಿಡಬೇಕು. ಮಕ್ಕಳು ತುಟಿಯನ್ನು ಕಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕು.

ಇದೂ ಸಾಲದಾದಾಗ

ಭಯ ತೀವ್ರವಾಗಿದ್ದರೆ ಇನ್ನೂ ದಾರಿಗಳಿವೆ. ವೆಲ್ಸರ ನಗೆಅನಿಲವನ್ನೇ ಆಮ್ಲಜನಕದೊಡನೆ ಬೆರೆಸಿ ಮೂಗಿನ ಮೇಲಿಟ್ಟ ಮುಖವಾಡದಿಂದ ಕೊಡುವುದು ಒಂದು. ರೋಗಿ ಎಚ್ಚರವಾಗಿದ್ದು ಮಾತಿಗೆ ಉತ್ತರಿಸುತ್ತಾರೆ, ಮನಸ್ಸು ಹಗುರವಾಗಿರುತ್ತದೆ, ಅನಿಲ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಎರಡನೆಯದು, ವೈದ್ಯರೇ ಅಳೆದು ಕೊಡುವ ಶಮನಕಾರಿ ಮಾತ್ರೆ. ಇದನ್ನು ತೆಗೆದುಕೊಂಡವರು ಒಬ್ಬರೇ ಮನೆಗೆ ಹೋಗಬಾರದು, ಆ ದಿನ ವಾಹನ ನಡೆಸಬಾರದು. ನೆರೆಮನೆಯವರ ಮಾತ್ರೆಯನ್ನು ಕೇಳಿ ನುಂಗುವುದಂತೂ ಸರ್ವಥಾ ಸಲ್ಲದು. ಮೂರನೆಯದು, ರಕ್ತನಾಳದ ಮೂಲಕ ಕೊಡುವ ಶಮನಕಾರಿ. ಕೊನೆಯದು ಪೂರ್ಣ ಅರಿವಳಿಕೆ. ಇವಕ್ಕೆ ತರಬೇತಾದ ತಜ್ಞರೂ ಆಸ್ಪತ್ರೆಯ ಸೌಕರ್ಯವೂ ಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದ ನಿಯಮವೂ ಉಂಟು. ಬರಿಯ ಮರಗಟ್ಟಿಸುವ ಸೂಜಿಗಾದರೋ ಊಟ ಮಾಡಿಯೇ ಹೋಗುವುದು ಲೇಸು. ಹಸಿದವರಿಗೆ ತಲೆಸುತ್ತು ಬೇಗ.

ಎಲ್ಲ ಚಿಕಿತ್ಸಾಲಯಗಳಲ್ಲೂ ಇವೆಲ್ಲ ದೊರೆಯವು. ಕಾಸರಗೋಡಿನವರು ಮಂಗಳೂರು, ದೇರಳಕಟ್ಟೆ, ಪರಿಯಾರಗಳ ದಂತವೈದ್ಯ ಕಾಲೇಜುಗಳಲ್ಲಿ ವಿಚಾರಿಸಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಬೇಕು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲುಗಳ ನರವೇ ಬೇರೆ.

ಭಯವನ್ನು ಯಾವ ಭಾಷೆಯಲ್ಲಿ ಹೇಳುವುದು?

ಗಡಿನಾಡಿನವರಾದ ನಮಗೆ ಮತ್ತೊಂದು ತೊಡಕುಂಟು. ಸಂತೆಯಲ್ಲಿ ಸರಾಗವಾಗಿ ಆಡುವ ನೆರೆಭಾಷೆ ನೋವಿನ ವೇಳೆಯಲ್ಲಿ ನಾಲಗೆಗೆ ಬರುವುದಿಲ್ಲ. ಮನೆಯ ಹಿರಿಯ ಹೆಂಗಸರಿಗಂತೂ ಅದು ಇನ್ನೂ ಕಷ್ಟ. ಅತ್ತೆಯವರು ಕುರ್ಚಿಯ ಅಂಚಿನಲ್ಲಿ ಕುಳಿತು, ಹಿಡಿದ ಸೆರಗನ್ನು ಬಿಡದೆ, ಬಹಳ ಹೊತ್ತಿನ ಮೇಲೆ ಒಂದೇ ಮಾತು ಆಡಿದರು: “ಎನಿಕ್ಕು ಪೇಡಿಯಾಣ್.” ನನಗೆ ಹೆದರಿಕೆಯಾಗುತ್ತಿದೆ ಎಂದು. ಆ ಎಳೆಯ ವೈದ್ಯೆ ಕೈಯಲ್ಲಿದ್ದ ಸಲಕರಣೆಯನ್ನು ಕೆಳಗಿಟ್ಟು ಎದುರಿಗೆ ಕುಳಿತರು. “ಅಮ್ಮಾ, ಇವತ್ತು ನೋಡುವುದು ಮಾತ್ರ” ಎಂದು ತಮಗೆ ಬಂದಷ್ಟು ಕನ್ನಡದಲ್ಲೇ ಹೇಳಿದರು. “ಎಡಗೈ ಎತ್ತಿದರೆ ನಾನು ಕೂಡಲೇ ನಿಲ್ಲಿಸುತ್ತೇನೆ.”

ಆ ಒಂದು ವಾಕ್ಯವನ್ನು ಪ್ರತಿ ಮನೆಯವರೂ ಕಲಿತಿರುವುದು ಒಳ್ಳೆಯದು. ಹೊಸೂರು, ತಾಳವಾಡಿಗಳಲ್ಲಿ “ಎನಕ್ಕು ಬಯಮಾ ಇರುಕ್ಕು”, ಆದೋನಿ, ರಾಯದುರ್ಗಗಳಲ್ಲಿ “ನಾಕು ಭಯಂಗಾ ಉಂದಿ”, ಅಕ್ಕಲಕೋಟೆ, ಜತ್ತಗಳಲ್ಲಿ “ಮಲಾ ಭೀತಿ ವಾಟತೆ.” ನೋವಾಗುತ್ತಿದೆ ಎನ್ನಲು ಮಲಯಾಳದಲ್ಲಿ “ವೇದನಿಕ್ಕುನ್ನು”, ತಮಿಳಿನಲ್ಲಿ “ವಲಿಕ್ಕುದು”, ತೆಲುಗಿನಲ್ಲಿ “ನೊಪ್ಪಿಗಾ ಉಂದಿ”, ಮರಾಠಿಯಲ್ಲಿ “ದುಖತೆ.” ಬಾಯಿ ತೆರೆದಿರುವಾಗ ಯಾವ ಭಾಷೆಯೂ ನೆರವಿಗೆ ಬಾರದು, ಆಗ ಕೈ ಎತ್ತುವ ಸನ್ನೆಯೇ ಭಾಷೆ. ಚಿಕಿತ್ಸೆಗೆ ಮುನ್ನವೇ ಅದನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳಬೇಕು. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆಯೆಂದು ತಿಳಿದವರ ಭಯ ಅರ್ಧ ಇಳಿದಂತೆಯೇ.

ಮಕ್ಕಳ ವಿಷಯ

ಅತ್ತೆಯವರ ಭಯ ಹುಟ್ಟಿದ್ದು ಹತ್ತನೆಯ ವಯಸ್ಸಿನಲ್ಲಿ. ಆದುದರಿಂದ ತಾಯಂದಿರಲ್ಲಿ ಒಂದು ಬಿನ್ನಹ: “ಗಲಾಟೆ ಮಾಡಿದರೆ ಡಾಕ್ಟರರ ಬಳಿ ಸೂಜಿ ಹಾಕಿಸುತ್ತೇನೆ” ಎಂದು ಮಗುವನ್ನು ಹೆದರಿಸಬಾರದು. “ಸ್ವಲ್ಪವೂ ನೋಯುವುದಿಲ್ಲ” ಎಂದು ಸುಳ್ಳು ಹೇಳುವುದೂ ಬೇಡ. ಮೊದಲ ಭೇಟಿ ನೋವಿಲ್ಲದ ದಿನವೇ ಆಗಲಿ, ಬರಿಯ ತಪಾಸಣೆಗೆ. ಹೇಳಿ, ತೋರಿಸಿ, ಆಮೇಲೆ ಮಾಡುವ ಕ್ರಮ 1959ರಿಂದಲೂ ಮಕ್ಕಳ ದಂತವೈದ್ಯರಲ್ಲಿ ರೂಢಿಯಲ್ಲಿದೆ. ಹುಳುಕನ್ನು ತಡೆಯಲು ಸೂಜಿ, ಯಂತ್ರಗಳಿಲ್ಲದೆ ಹಚ್ಚುವ, ಬೆಳ್ಳಿ ಮತ್ತು ಫ್ಲೋರೈಡ್ ಬೆರೆತ ದ್ರವವೂ ಈಗ ಬಂದಿದೆ. ಹುಳುಕಾದ ಭಾಗ ಕಪ್ಪಾಗುವುದೊಂದೇ ಅದರ ಮುಖ್ಯ ಕುಂದು. ಎಲ್ಲಕ್ಕಿಂತ ಮೊದಲು ಮನೆಯ ಶಿಸ್ತು: ದಿನಕ್ಕೆರಡು ಬಾರಿ ಫ್ಲೋರೈಡ್ ಉಳ್ಳ ಪೇಸ್ಟಿನಿಂದ ಹಲ್ಲುಜ್ಜುವುದು, ಊಟದ ನಡುನಡುವೆ ಸಿಹಿ ಮೆಲ್ಲುವುದನ್ನು ಕಡಿಮೆಮಾಡುವುದು.

ಹಿರಿಯರಿಗೂ ಒಂದು ಮಾತು. ಅಡಿಕೆ ನಮ್ಮ ಅನ್ನ ಹೌದು. ಆದರೆ ಅದನ್ನು ಸದಾ ಅಗಿಯುವವರ ಬಾಯಿ ಬಿಗಿದುಕೊಳ್ಳುವ ರೋಗವೂ ಕ್ಯಾನ್ಸರೂ ಉಂಟು. ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಭಯವನ್ನು ಬದಿಗಿಟ್ಟು ತೋರಿಸಲೇಬೇಕು.

ಮೊದಲ ದಿನ ಅತ್ತೆಯವರಿಗೆ ತಪಾಸಣೆ, ಎಕ್ಸ್‌ರೇ ಮತ್ತು ಬಾವಿಗೆ ಮದ್ದು, ಇಷ್ಟೇ. ಊತ ಇಳಿದ ಮೇಲೆ ಹಲ್ಲು ಕಿತ್ತರು. ನಡುವೆ ಒಮ್ಮೆ ಎಡಗೈ ಮೇಲೆದ್ದಿತು. ವೈದ್ಯೆ ಕೊಟ್ಟ ಮಾತಿನಂತೆ ನಿಲ್ಲಿಸಿದರು, ಇನ್ನಷ್ಟು ಮದ್ದು ಕೊಟ್ಟು, ಕಾದು ಮುಂದುವರಿಸಿದರು. ಎರಡು ವರ್ಷ ಮೊದಲೇ ಬಂದಿದ್ದರೆ ಆ ಹಲ್ಲನ್ನು ಉಳಿಸಬಹುದಿತ್ತೆಂದು ಅವರು ಹೇಳಿದಾಗ ಅತ್ತೆ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ಮನೆಗೆ ಮರಳುವಾಗ ಮಾತ್ರ, ಅರ್ಧ ಮರಗಟ್ಟಿದ ತುಟಿಯಿಂದಲೇ ಕೇಳಿದರು: “ಮೇಲಿನದೊಂದು ಹಲ್ಲೂ ಹುಳುಕಾಗಿದೆ ಎಂದರಲ್ಲ, ಅದನ್ನು ತುಂಬಿಸುವುದು ಯಾವ ದಿನಕ್ಕೆ?”