ಪಂಜಕ್ಕೆ ಪೂರ್ತಿ, ಬಾಯಿಗೆ ಅರ್ಧ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 3.5 ಆವೃತ್ತಿಯಲ್ಲಿ ಹುಲಿಯ ಬಲ 23. ಸಾಧಾರಣ ಮನುಷ್ಯನದು 10 ಅಥವಾ 11. ಹುಲಿ ಎರಡೂ ಪಂಜಗಳಿಂದ ಹೊಡೆಯುತ್ತದೆ, ಜೊತೆಗೆ ಕಚ್ಚುತ್ತದೆ. ಪಂಜದ ಒಂದೊಂದು ಏಟಿಗೂ ಎಂಟು ಮುಖದ ಒಂದು ದಾಳ ಉರುಳಿಸಿ, ಬಂದ ಸಂಖ್ಯೆಗೆ 6 ಕೂಡಿಸಬೇಕು. ಕಡಿತಕ್ಕೆ ಆರು ಮುಖದ ಎರಡು ದಾಳ. ಆದರೆ ಕೂಡಿಸುವುದು ಬರೀ 3. ಪ್ರಾಣಿ ಒಂದೇ, ಬಲವೂ ಒಂದೇ. ಪಂಜಕ್ಕೆ ಆರು, ಬಾಯಿಗೆ ಮೂರು ಏಕೆ?

ಮೇಜಿನ ಸುತ್ತ ಕುಳಿತು ಆಡುವ ಈ ಆಟದಲ್ಲಿ ಕಥೆ ನಡೆಸುವವರು ಡಂಜನ್ ಮಾಸ್ಟರ್. ಆಟಗಾರರ ಬಾಯಲ್ಲಿ ‘ಡಿಎಂ’. ಎದುರಾಗುವ ಮೃಗ, ರಕ್ಕಸ, ಭೂತಗಳೆಲ್ಲ ಅವರ ಕೈಯಲ್ಲಿರುತ್ತವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಆಟ ಹೊರತಂದಾಗ ಬಲಕ್ಕೂ ಏಟಿಗೂ ಸಂಬಂಧವೇ ಇರಲಿಲ್ಲ. ಕೆಲವು ದೈತ್ಯರನ್ನು ಬಿಟ್ಟರೆ ಯಾರು ಯಾವುದರಿಂದ ಹೊಡೆದರೂ ಆರು ಮುಖದ ಒಂದೇ ದಾಳ. ಮರುವರ್ಷ ಬಂದ ‘ಗ್ರೇಹಾಕ್’ ಪುರವಣಿ ಆಯುಧಕ್ಕೊಂದು, ಮೃಗಕ್ಕೊಂದು ದಾಳ ಗೊತ್ತುಮಾಡಿತು. ಬಲಶಾಲಿ ಯೋಧನ ಏಟಿಗೆ ಹೆಚ್ಚುವರಿ ಅಂಕವನ್ನೂ ಕೊಟ್ಟಿತು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಓಗರ್ ಎಂಬ ರಕ್ಕಸನ ಏಟು 1ರಿಂದ 10 ಎಂದು ಬರೆದಿದೆ. ಅವನ ಬಲ ಎಷ್ಟು ಎಂಬ ಅಂಕಣವೇ ಅಲ್ಲಿಲ್ಲ. 

2000ದಲ್ಲಿ ಬಂದ ಮೂರನೇ ಆವೃತ್ತಿ ಈ ಕೊರತೆ ತುಂಬಿತು. ಮನುಷ್ಯರಿಗಿದ್ದ ಆರು ಗುಣಾಂಕಗಳನ್ನು ಪ್ರತಿಯೊಂದು ಮೃಗಕ್ಕೂ ಕೊಟ್ಟಿತು. ಬಲದಿಂದ 10 ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಭಿನ್ನವಿದ್ದರೆ ಕೈಬಿಟ್ಟರೆ ಸಿಗುವುದೇ ಬಲದ ಲಾಭಾಂಶ. ಹುಲಿಗೆ ಅದು 6. ಮೃಗದ ಮುಖ್ಯ ಆಯುಧಕ್ಕೆ ಈ ಲಾಭಾಂಶ ಪೂರ್ತಿ ಸಲ್ಲುತ್ತದೆ. ಅದರ ಜೊತೆಗೆ ಬೀಳುವ ಉಪ ಏಟುಗಳಿಗೆ ಅರ್ಧ ಮಾತ್ರ, ಮೇಲಾಗಿ ಅವು ತಾಗುವ ಸಂಭವವೂ ಕಡಿಮೆ: 20 ಮುಖದ ದಾಳದಲ್ಲಿ ಬಂದದ್ದರಿಂದ 5 ಕಳೆಯಬೇಕು. ಹುಲಿ ಮುಖ್ಯವಾಗಿ ನಂಬುವುದು ಪಂಜವನ್ನು. ಕಡಿತ ಆ ಹೊಡೆತದ ಬೆನ್ನಿಗೆ ಬರುತ್ತದೆ. ಇನ್ನು ಒಂದೇ ಆಯುಧದಿಂದ ಹೊಡೆಯುವ ಪ್ರಾಣಿಗೆ ಲಾಭಾಂಶದ ಒಂದೂವರೆ ಪಟ್ಟು. ಮೊಸಳೆ ಕಚ್ಚುತ್ತದೆ, ಇಲ್ಲವೇ ಬಾಲ ಬೀಸುತ್ತದೆ. ಎರಡನ್ನೂ ಒಟ್ಟಿಗೆ ಮಾಡುವುದಿಲ್ಲ. ಅದರ ಬಲ 19, ಲಾಭಾಂಶ 4. ಏಟಿಗೆ ಸೇರುವುದು 6. ಅಂದರೆ ಹುಲಿಗಿಂತ ಬಲ ಕಡಿಮೆಯಿದ್ದರೂ ಮೊಸಳೆಯ ಕಡಿತಕ್ಕೆ ಹುಲಿಯ ಪಂಜದಷ್ಟೇ ಹೆಚ್ಚುವರಿ. ಮೈಯ ಬಲವನ್ನೆಲ್ಲ ಒಂದೇ ಕಡೆ ಹಾಕುವ ಪ್ರಾಣಿಗೆ ಸಲ್ಲಬೇಕಾದ ಮರ್ಯಾದೆ ಇದು.

ಈ ನಿಯಮದ ನಿಜವಾದ ಸೊಗಸು ಕಾಣುವುದು ಆನೆಯಲ್ಲಿ. ಬಲ 30, ಲಾಭಾಂಶ 10. ಆನೆ ದಂತದಿಂದ ತಿವಿದರೆ ಅದೊಂದೇ ಏಟು: ಎಂಟು ಮುಖದ ಎರಡು ದಾಳಕ್ಕೆ 15 ಕೂಡಿಸಬೇಕು, ಸರಾಸರಿ 24. ಅದರ ಬದಲು ನಿಂತಲ್ಲೇ ನಿಂತು ಒಂದು ಗುದ್ದು ಕೊಟ್ಟು ಎರಡು ಬಾರಿ ತುಳಿಯಲೂಬಹುದು. ಮೂರಕ್ಕೂ ಆರು ಮುಖದ ಎರಡೆರಡು ದಾಳ. ಗುದ್ದಿಗೆ 10, ತುಳಿತಕ್ಕೆ ತಲಾ 5 ಸೇರುತ್ತದೆ. ಮೂರೂ ತಾಗಿದರೆ ಸರಾಸರಿ 41. ಆದರೆ ಓಡಿ ಬಂದು ಮೇಲೆ ಬೀಳುವ ಆನೆಗೆ ಆ ಸರದಿಯಲ್ಲಿ ಒಂದೇ ಏಟು ಸಾಧ್ಯ, ಆಗ ದಂತವೇ ಲೇಸು. ಎದುರಾಳಿ ಓಡದೆ ಮುಂದೆಯೇ ನಿಂತರೆ ತುಳಿತ. ಡಿಎಂ ಏನನ್ನೂ ವರ್ಣಿಸದಿದ್ದರೂ ಲೆಕ್ಕವೇ ಆನೆಯನ್ನು ಆನೆಯಂತೆ ನಡೆಸುತ್ತದೆ.

ಈಗ ಆಗಲೇ ನೋಡಿದ ಹುಲಿಯನ್ನು ಸೊರಗಿಸೋಣ. ‘ಶ್ಯಾಡೋ’ ಎಂಬ ನೆರಳಿನ ಭೂತ ಮುಟ್ಟಿದರೆ ಬಲವನ್ನೇ ಹೀರುತ್ತದೆ. ಅದು 6 ಅಂಕ ಹೀರಿತೆನ್ನಿ. ಬಲ 17ಕ್ಕೆ, ಲಾಭಾಂಶ 3ಕ್ಕೆ ಇಳಿಯುತ್ತದೆ. ಪಂಜಕ್ಕೆ 3, ಬಾಯಿಗೆ ಬರೀ 1. ಎಲ್ಲ ಏಟು ತಾಗಿದರೂ ಸರಾಸರಿ 31 ಇದ್ದದ್ದು 23ಕ್ಕೆ ಬಂತು. ಏಟು ತಾಗಿಸುವ ದಾಳಕ್ಕೂ ಇದೇ ಲಾಭಾಂಶ ಸೇರುವುದರಿಂದ ಗುರಿ ತಪ್ಪುವುದೂ ಹೆಚ್ಚುತ್ತದೆ. ಹಲ್ಲು, ಉಗುರು ಇದ್ದಂತೆಯೇ ಇವೆ, ದಾಳಗಳೂ ಬದಲಾಗಿಲ್ಲ. ದಾಳ ಹೇಳುವುದು ಆಯುಧದ ಗಾತ್ರವನ್ನು, ಮೇಲೆ ಕೂಡಿಸುವ ಅಂಕ ಹೇಳುವುದು ಅದರ ಹಿಂದಿನ ಸ್ನಾಯುವನ್ನು. 1977ರ ಪುಸ್ತಕದಲ್ಲಿ ಇವೆರಡೂ ಬೆರೆತುಹೋಗಿದ್ದವು.

ಹೊರೆ ಹೊರುವ ಲೆಕ್ಕ ಮಾತ್ರ ಬೇರೆ ದಾರಿ ಹಿಡಿದಿದೆ. ಬಲ 10 ಇದ್ದವರ ಗರಿಷ್ಠ ಹೊರೆ 100 ಪೌಂಡ್, ಸುಮಾರು 45 ಕಿಲೋ. ಪ್ರತಿ ಐದು ಅಂಕಕ್ಕೆ ಅದು ದ್ವಿಗುಣವಾಗುತ್ತದೆ. ದೇಹದ ಗಾತ್ರವನ್ನು ಬದಿಗಿಟ್ಟರೂ ಬಲ 30ಕ್ಕೆ 1,600 ಪೌಂಡ್. ಹೊರೆ ಹದಿನಾರು ಪಟ್ಟಾದಾಗ ಏಟಿಗೆ ಸೇರುವುದು 10 ಅಂಕವಷ್ಟೇ. ಭೌತಶಾಸ್ತ್ರ ಇದನ್ನು ಒಪ್ಪಲಾರದು. ಆದರೂ ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಏಟೂ ಹಾಗೆಯೇ ಏರಿದ್ದರೆ ಆನೆಯ ಒಂದೇ ಹೊಡೆತಕ್ಕೆ ಆಟಗಾರರ ಕಥೆ ಮುಗಿದಿರುತ್ತಿತ್ತು.

2008ರ ನಾಲ್ಕನೇ ಆವೃತ್ತಿ ಮೃಗದ ಏಟನ್ನು ಬಲದ ಬದಲು ಅದರ ಮಟ್ಟಕ್ಕೆ ಕಟ್ಟಿಹಾಕಿತು. 2014ರ ಐದನೆಯದು ಬಲವನ್ನು ಮರಳಿ ತಂದಿತು, ಆದರೆ ಪೂರ್ತಿ, ಅರ್ಧ, ಒಂದೂವರೆ ಎಂಬ ಭೇದ ತೆಗೆದುಹಾಕಿತು. ಅಲ್ಲಿ ಹುಲಿಯ ಪಂಜಕ್ಕೂ ಬಾಯಿಗೂ ಸಮನಾಗಿ 3. ತೋಳದ ಕಡಿತಕ್ಕಂತೂ ಬಲದ ಬದಲು ಚುರುಕುತನವನ್ನು ಕೂಡಿಸುತ್ತಾರೆ, ಅದು ಒಪ್ಪುವ ಮಾತು. ಲೆಕ್ಕ ಸುಲಭವಾಯಿತು, ಆಟ ಬೇಗ ಸಾಗುತ್ತದೆ. ಆದರೆ ಪ್ರಾಣಿಯ ಮೈಯಲ್ಲಿ ಯಾವ ಅಂಗ ಮುಖ್ಯ, ಯಾವುದು ಆಸರೆ ಎಂಬುದು ಅಂಕಿಯಲ್ಲೇ ಕಾಣುತ್ತಿದ್ದುದು ಹೋಯಿತು. ಆ ನಷ್ಟ ಸಣ್ಣದಲ್ಲ.

ನೀವೇ ಒಂದು ಮೃಗ ಕಟ್ಟುವುದಾದರೆ ಮೊದಲು ದಾಳ ಆರಿಸಬೇಡಿ. ಅದು ಯಾವ ಅಂಗವನ್ನು ನಂಬಿ ಬದುಕುತ್ತದೆ ಎಂದು ನಿರ್ಧರಿಸಿ, ಬಲವನ್ನು ಅಲ್ಲಿಗೆ ಪೂರ್ತಿ ಕೊಟ್ಟು, ಉಳಿದವಕ್ಕೆ ಹಂಚಿ. 3.5 ಆವೃತ್ತಿಯ ಮೂಲ ನಿಯಮಗಳು ‘ಓಪನ್ ಗೇಮ್ ಲೈಸೆನ್ಸ್’ ಅಡಿಯಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಮೊಸಳೆ, ಹುಲಿ, ಆನೆಗಳ ವಿವರ ತೆಗೆದು ಲೆಕ್ಕ ತಾಳೆ ನೋಡಿ.