ಯಂತ್ರದ ದೀಪಕ್ಕೆ ಬಟ್ಟೆ ಮುಚ್ಚಬೇಡಿ

ನಾಡಿ ಹಿಡಿದು ನೋಡುವ ನನ್ನಂಥ ಯುನಾನಿ ವೈದ್ಯನಿಗೂ ಈಗ ಯಂತ್ರಗಳ ದೀಪ ಓದುವ ಕೆಲಸ ಬಂದಿದೆ. ಹಿರಿಯ ರೋಗಿಯೊಬ್ಬರನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಮಂಚದ ಪಕ್ಕ ಆಕ್ಸಿಜನ್ ಕಾನ್ಸಂಟ್ರೇಟರ್, ಅದರ ದೀಪದ ಮೇಲೆ ಕರವಸ್ತ್ರ. "ರಾತ್ರಿ ಕಣ್ಣಿಗೆ ಹೊಡೆಯುತ್ತೆ ಅಂತ ಅಬ್ಬಾನೇ ಮುಚ್ಚಿಸಿದ್ರು, ಹಕೀಂ ಸಾಹೇಬ್ರೇ" ಎಂದ ಮಗ. ಬಟ್ಟೆ ಸರಿಸಿದರೆ ಹಳದಿ ದೀಪ ಉರಿಯುತ್ತಿತ್ತು. ಹಲವು ಮಾದರಿಗಳಲ್ಲಿ ಹಸಿರು ಎಂದರೆ ಆಮ್ಲಜನಕ ಸರಿಯಾಗಿ ಬರುತ್ತಿದೆ, ಹಳದಿ ಎಂದರೆ ಅದರ ಪ್ರಮಾಣ ಕಡಿಮೆಯಾಗಿದೆ ಎಂದರ್ಥ. ಗಾಳಿ ಒಳಗೆಳೆಯುವ ಫಿಲ್ಟರಿನ ತುಂಬ ಧೂಳು. ಎಷ್ಟು ದಿನದಿಂದ ಹಾಗಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಬಣ್ಣಗಳು ಅಲಂಕಾರಕ್ಕಲ್ಲ. ವೈದ್ಯಕೀಯ ವಿದ್ಯುತ್ ಉಪಕರಣಗಳಿಗೆ ಐಇಸಿ 60601 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕೆಂಪು ದೀಪ ಹತ್ತಿದರೆ ತಕ್ಷಣ ಏನಾದರೂ ಮಾಡಬೇಕು, ಹಳದಿ ಹತ್ತಿದರೆ ತಡಮಾಡದೆ ನೋಡಬೇಕು. ಹಸಿರು ಎಂದರೆ ಯಂತ್ರ ಬಳಕೆಗೆ ಸಿದ್ಧ. ಗಂಭೀರ ಅಲಾರಂ ಆದರೆ ಕೆಂಪು ದೀಪ ಸೆಕೆಂಡಿಗೆ ಸುಮಾರು 2 ಬಾರಿ ಮಿನುಗುತ್ತದೆ, ಹಳದಿ ಅದಕ್ಕಿಂತ ನಿಧಾನ. ಮಿನುಗು, ಸದ್ದು ಎರಡೂ ಇರುವುದಕ್ಕೆ ಕಾರಣವಿದೆ: ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದವರಿದ್ದಾರೆ. ಗಂಡಸರಲ್ಲೇ ಇದು ಹೆಚ್ಚು, ಎಷ್ಟೋ ಮಂದಿಗೆ ತಮಗೆ ಹಾಗಿದೆ ಎಂದೇ ತಿಳಿದಿರುವುದಿಲ್ಲ.

ಅಂಕಿ ತೋರಿಸುವ ಪರದೆಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಕೊರೋನಾ ಕಾಲದಲ್ಲಿ "ಆಕ್ಸಿಮೀಟರ್ ಕೆಂಪಗೆ ತೋರಿಸ್ತಿದೆ" ಎಂದು ಗಾಬರಿಯಿಂದ ಫೋನ್ ಮಾಡಿದವರಿದ್ದರು. ಕೆಂಪು ಅಕ್ಷರದಲ್ಲಿದ್ದರೂ 98 ಎಂದರೆ 98ೇ. ಬೆರಳಿನ ಮೇಲೆ ಬೀಳುವ ಕೆಂಪು ಬೆಳಕು ಕೂಡ ಎಚ್ಚರಿಕೆಯಲ್ಲ, ಅಳತೆ ಮಾಡುವುದೇ ಆ ಬೆಳಕಿನಿಂದ.

ಬಿಪಿ, ಶುಗರ್ ಯಂತ್ರ ಕೊಳ್ಳುವಾಗ ಪರದೆಯ ಹಿಂದಿನ ಬೆಳಕನ್ನೂ ನೋಡಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿಯನ್ನು ತಡೆಯುತ್ತದೆ. ಅಂಗಡಿಯಲ್ಲಿ ಚೆಂದ ಕಾಣುವ ನೀಲಿ ಪರದೆಯ ಅಂಕಿ ಅಜ್ಜಿಗೆ ಮಸುಕಾಗಬಹುದು. ಬಿಳಿ ಹಿನ್ನೆಲೆಯ ಮೇಲೆ ದಪ್ಪ ಕಪ್ಪು ಅಂಕಿಯೇ ಮೇಲು. ಬಳಸುವವರ ಕೈಯಲ್ಲೇ ಓದಿಸಿ ಕೊಳ್ಳಿ. ಮಲಗುವ ಕೋಣೆಯ ಯಂತ್ರಕ್ಕಾದರೆ ಬೆಳಕು ತಗ್ಗಿಸುವ ಸೌಲಭ್ಯವಿರಲಿ, ರಾತ್ರಿ ಪ್ರಖರ ನೀಲಿ ಬೆಳಕು ನಿದ್ದೆ ಕೆಡಿಸುತ್ತದೆ.

ಆ ಮನೆಯಲ್ಲಿ ಫಿಲ್ಟರ್ ಶುಚಿ ಮಾಡಿಸಿ, ಯಂತ್ರ ಕೊಟ್ಟವರನ್ನು ಕರೆಸಿ ಪರೀಕ್ಷೆ ಮಾಡಿಸಿದೆವು. ದೀಪ ಈಗ ಅಬ್ಬಾನ ಕಣ್ಣಿಗೆ ಬೀಳದಂತೆ, ಮಗನ ಹಾಸಿಗೆಯ ಕಡೆಗೆ ತಿರುಗಿದೆ.